ನಲವತ್ತರ ಕೆಳಗಿನ ಕಲ್ಲು

ಮಾರ್ಚ್ ೩, ಸೋಮವಾರ

ಆ ಮೆಟ್ಟಿಲಿನ ಸದ್ದಿನ ಮಾತು ನಿನ್ನೆ ಅರ್ಧಕ್ಕೇ ನಿಂತಿತು, ಪೆನ್ನು ಕೈಕೊಟ್ಟಿತು. ಅದು ಒದ್ದೆ ಕಾಲಿನ ಸದ್ದೇ, ಅದರಲ್ಲಿ ಅನುಮಾನವಿಲ್ಲ. ಒಣ ಕಾಲು ಬೇರೆ, ಒದ್ದೆ ಕಾಲು ಬೇರೆ. ಮೂವತ್ತನಾಲ್ಕು ವರ್ಷ ಹೊಳೆಯ ದಡದಲ್ಲಿ ನೀರಿನ ಮಟ್ಟ ಓದಿ ಬರೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕೆಳಗಿನಿಂದ ಹತ್ತಿ ಬಂದು ಬಾಗಿಲ ಮುಂದೆ ನಿಲ್ಲುತ್ತದೆ. ತೆಗೆದರೆ ಯಾರೂ ಇಲ್ಲ. ಮೂರನೆಯ ಮೆಟ್ಟಿಲಲ್ಲಿ ಮಾತ್ರ ಒಂದು ಅಂಗೈಯಗಲ ತೇವ.

ಕೆಳಗಿನ ಇಸ್ತ್ರಿ ಅಂಗಡಿಯವನನ್ನು ಕೇಳಿದೆ.

"ಪೈಪಿಗೂ ವಯಸ್ಸಾಗಿದೆ, ನಿಮಗೂ ಆಗಿದೆ ಸಾರ್. ಒಂದು ಸೋರುತ್ತೆ, ಇನ್ನೊಂದಕ್ಕೆ ಕೇಳಿಸುತ್ತೆ" ಎಂದ. ಎದುರುತ್ತರ ತಕ್ಷಣ ಹೊಳೆಯಲಿಲ್ಲ. ಮೇಲೆ ಬಂದ ಮೇಲೆ ಹೊಳೆಯಿತು, ಆದರೆ ಅದನ್ನು ಹೇಳಲಿಕ್ಕೆ ಮತ್ತೆ ಇಪ್ಪತ್ತೆರಡು ಮೆಟ್ಟಿಲು ಇಳಿಯಬೇಕಲ್ಲ.

ಹೆಂಡತಿ ತೀರಿಹೋಗಿ ಎರಡು ವರ್ಷ. ಸದ್ದು ಶುರುವಾಗಿ ಹತ್ತು ದಿನ. ಎರಡಕ್ಕೂ ಸಂಬಂಧ ಕಟ್ಟಲು ನಾನು ಹೋಗುವುದಿಲ್ಲ. ಎರಡು ವರ್ಷವಾದರೂ ಕಾಲೇಜಿನ ಬೆಂಚು ಸವೆಸಿದವನು.

ಮಧ್ಯಾಹ್ನ ನೀರಿನ ಮಂಡಳಿಯಿಂದ ಒಬ್ಬಳು ಹುಡುಗಿ ಬಂದಳು. ಹುಡುಗಿ ಅಂದರೆ ಮೂವತ್ತೈದು ದಾಟಿರಬಹುದು. ಎಪ್ಪತ್ತನಾಲ್ಕರ ಮೇಲೆ ಕೂತು ನೋಡಿದರೆ ಎಲ್ಲರೂ ಹುಡುಗಿಯರೇ. ಗಣಿತದಲ್ಲಿ ಡಾಕ್ಟರ್ ಅಂತೆ, ಜ್ವರಕ್ಕೆ ಔಷಧಿ ಕೊಡದ ಡಾಕ್ಟರ್. ಲೆಕ್ಕದ ಡಾಕ್ಟರಮ್ಮ ಎಂದು ಮನಸ್ಸಿನಲ್ಲೇ ಹೆಸರಿಟ್ಟೆ. ಗೋಡೆಯ ಮೇಲಿನ ಪ್ರಶಸ್ತಿ ಪತ್ರವನ್ನು ಓದಿ, "ಮೂವತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ವಾ ಸಾರ್?" ಎಂದಳು. ನಾಟ್‌ವಿತ್‌ಸ್ಟ್ಯಾಂಡಿಂಗ್ ಅಂದೆ. ಆ ಪದ ಕಾಲೇಜಿನಿಂದ ನನ್ನ ಜೊತೆಗೇ ಬಂದಿದೆ. ಎಲ್ಲಿ ಹಾಕಬೇಕೆಂದು ಇವತ್ತಿನವರೆಗೂ ತಿಳಿದಿಲ್ಲ, ಹಾಕಿದಾಗ ಮಾತ್ರ ಎದುರಿನವರು ಸುಮ್ಮನಾಗುತ್ತಾರೆ.

ಅವಳು ಸುಮ್ಮನಾಗಲಿಲ್ಲ. ಚೀಲದಿಂದ ನನ್ನ ಹಳೆಯ ಮಟ್ಟದ ಪುಸ್ತಕದ ಒಂದು ಪುಟದ ನಕಲು ತೆಗೆದಳು. ಮೂವತ್ತೊಂದು ವರ್ಷದ ಹಿಂದಿನ ಏಪ್ರಿಲ್, ಎಂಟರಿಂದ ಹದಿನಾರು. ಒಂಬತ್ತು ದಿನ. ಮೂವತ್ತೆರಡರಿಂದ ಇಳಿದು ಇಳಿದು ಇಪ್ಪತ್ತೆರಡು.

"ಹೊಳೆಯ ಕಂಬಕ್ಕೆ ಬಡಿದಿರೋ ಅಳತೆ ಪಟ್ಟಿ ನಲವತ್ತು ಸೆಂಟಿಮೀಟರಿಗೇ ಮುಗಿಯುತ್ತೆ. ಅದರ ಕೆಳಗೆ ಬರೀ ಕಲ್ಲು. ಗೀಟೇ ಇಲ್ಲದ ಕಡೆ ಇಪ್ಪತ್ತೆರಡು ಅಂತ ಹೇಗೆ ಓದಿದ್ರಿ?"

"ಅಭ್ಯಾಸ" ಎಂದೆ.

"ನೀವೇ ಓದಿದ್ದಾ?"

"ಮತ್ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ಹೆಗಲಿನ ಹತ್ತಿರ ಹೋಗಿತ್ತೋ ಏನೋ. ಅವಳು ನನ್ನ ಮುಖವನ್ನೇ ಒಂದು ಕ್ಷಣ ನೋಡಿ ನಕಲನ್ನು ಮಡಚಿದಳು.

ಮಾರ್ಚ್ ೫, ಬುಧವಾರ

ಡಾಕ್ಟರಮ್ಮ ಮತ್ತೆ ಬಂದಿದ್ದಳು. ಆ ಒಂಬತ್ತು ಅಂಕಿಗಳ ಹಿಂದೆ ಯಾಕಿಷ್ಟು ಬಿದ್ದಿದ್ದೀಯಮ್ಮ ಎಂದು ಕೇಳಿಯೇ ಬಿಟ್ಟೆ. ಇಪ್ಪತ್ತೈದನೇ ತಾರೀಕು ಮಂಡಳಿಯ ಸಭೆ ಇದೆಯಂತೆ. ಜಲಾಶಯದ ಕೆಳಬಾಗಿಲನ್ನು ನಲವತ್ತು ದಿನ ತೆರೆದು ಕೆಳಗಿನ ಹೊಸ ಬಡಾವಣೆಗೆ ನೀರು ಬಿಡಬೇಕೋ ಬೇಡವೋ ಎಂದು ತೀರ್ಮಾನವಾಗಬೇಕು. ಬಿಟ್ಟ ಮೇಲೆ ಜಲಾಶಯ ತುಂಬಿಸುವ ಹೊಳೆ ಆ ವರ್ಷದ ಹಾಗೆ ಬತ್ತಿತೋ, ಮಳೆ ಬರುವ ಮೊದಲೇ ಜಲಾಶಯದಲ್ಲಿ ಕೆಸರು ಕಾಣುತ್ತದೆ. ಹಳೆಯ ಊರಿಗೂ ದೊಡ್ಡಾಸ್ಪತ್ರೆಗೂ ಬೇರೆ ನೀರಿಲ್ಲ.

"ಬತ್ತದಿದ್ದರೆ?"

"ಬತ್ತದಿದ್ರೆ, ನೀರು ಬಿಡದೆ ಕೆಳಗಿನವರನ್ನ ಸುಮ್ಮನೆ ಬಾಯಾರಿಸಿದ ಹಾಗಾಗುತ್ತೆ. ಅದಕ್ಕೇ ಅಪಾಯವನ್ನ ಅಳೀಬೇಕು."

ಅಪಾಯವನ್ನು ಅಳೆಯುವುದು ಎಂದರೇನು ಅಂದೆ. ಅವಳು ಸುತ್ತಲೂ ನೋಡಿದಳು. ಹೊಲಿಗೆ ಯಂತ್ರದ ಮೇಲೆ ನನ್ನ ಹೆಂಡತಿಯ ಗುಂಡಿ ಡಬ್ಬಿ ಇತ್ತು, ಬಿಸ್ಕತ್ತಿನದು. ದರ್ಜಿ ಅವಳು; ಊರಿನ ಅರ್ಧ ಸಮವಸ್ತ್ರಗಳಿಗೆ ಗುಂಡಿ ಹಚ್ಚಿದ ಕೈ. ಡಬ್ಬಿಯ ಮುಚ್ಚಳ ಎರಡು ವರ್ಷದಿಂದ ತೆಗೆದಿರಲಿಲ್ಲ. "ತಗೋಬಹುದಾ?" ಎಂದು ಕೇಳುವಷ್ಟರಲ್ಲೇ ಅವಳು ತೆಗೆದಾಗಿತ್ತು.

ಮೇಜಿನ ಮೇಲೆ ನೂರು ಗುಂಡಿಗಳನ್ನು ಸಾಲಾಗಿ ಇಟ್ಟಳು. ಕೋಟಿನ ದೊಡ್ಡ ಗುಂಡಿಯಿಂದ ಹಿಡಿದು ಕೊನೆಗೆ ತೀರಾ ಚಿಕ್ಕದರವರೆಗೆ.

"ಒಂದೊಂದು ಗುಂಡಿ ಒಂದೊಂದು ವರ್ಷ ಅಂದ್ಕೊಳ್ಳಿ. ದೊಡ್ಡದು ಅಂದ್ರೆ ನೀರು ಜಾಸ್ತಿ, ಚಿಕ್ಕದು ಅಂದ್ರೆ ಕಮ್ಮಿ. ನಮ್ಮ ಚೀಫ್ ಇಂಜಿನಿಯರ್ ಕೇಳೋದು ಒಂದೇ ಪ್ರಶ್ನೆ, ಕೆಟ್ಟ ಐದು ವರ್ಷ ಎಲ್ಲಿಂದ ಶುರುವಾಗುತ್ತೆ? ಈ ಕಡೆಯಿಂದ ಐದನೇ ಗುಂಡಿ. ಇದು ಹೊಸ್ತಿಲು. ನೂರರಲ್ಲಿ ತೊಂಬತ್ತೈದು ವರ್ಷ ಇದಕ್ಕಿಂತ ಕೆಟ್ಟದಾಗಲ್ಲ, ಸಾಕು ಅಂತಾರೆ. ಹೊಸ್ತಿಲಿನ ಆಚೆ ಒಂದು ಮೆಟ್ಟಿಲಿದೆಯೋ ಬಾವಿ ಇದೆಯೋ ಅವರು ನೋಡಲ್ಲ."

"ನೀನು?"

"ನಾನು ಆಚೆ ಕಾಲಿಟ್ಟು ನೋಡ್ತೀನಿ. ಆ ಐದರ ಸರಾಸರಿ ತೆಗೀತೀನಿ. ಕೆಟ್ಟ ಕಾಲ ಬಂದೇ ಬಂತು ಅಂದ್ರೆ ಎಷ್ಟು ಕೆಟ್ಟದ್ದು ಅಂತ."

ಆಮೇಲೆ ಅವಳು ಸಾಲಿನ ಕೊನೆಯ ಗುಂಡಿಯನ್ನು ಬೆರಳ ತುದಿಯಲ್ಲಿ ಎತ್ತಿದಳು. ಮುತ್ತಿನಂಥದ್ದು, ಕೂಸಿನ ಅಂಗಿಗೆ ಹಾಕುವಂಥದ್ದು. "ಇದು ನಿಮ್ಮ ಆ ವರ್ಷ. ಇದನ್ನ ತೆಗೆದುಬಿಟ್ರೆ ಹೊಸ್ತಿಲು ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತೆ. ಚೀಫ್‌ಗೆ ಇದು ಇದ್ದರೂ ಒಂದೇ, ಇಲ್ಲದಿದ್ರೂ ಒಂದೇ. ನನ್ನ ಸರಾಸರಿ ಮಾತ್ರ ಮೇಲೇರಿ, ಅಪಾಯ ಇದ್ದದ್ದಕ್ಕಿಂತ ಕಮ್ಮಿ ಕಾಣುತ್ತೆ."

ಅವಳು ಹೋದ ಮೇಲೆ ಗುಂಡಿಗಳನ್ನು ಡಬ್ಬಿಗೆ ತುಂಬಿದೆ. ಕೊನೆಯದು ಕೈಯಲ್ಲೇ ಉಳಿಯಿತು. ನಮಗೆ ಮಕ್ಕಳಾಗಲಿಲ್ಲ. ಇದನ್ನು ಯಾವ ಅಂಗಿಗೆಂದು ತಂದಿಟ್ಟಿದ್ದಳೋ ನಾನು ಯಾವತ್ತೂ ಕೇಳಿರಲಿಲ್ಲ. ಕೇಳದೆ ಬಿಟ್ಟದ್ದಕ್ಕೂ ಯಾರಾದರೂ ಒಂದು ಸರಾಸರಿ ತೆಗೆದರೆ ಎಷ್ಟು ಕೆಟ್ಟದ್ದೆಂದು ಗೊತ್ತಾಗುತ್ತದೆ.

ಮಾರ್ಚ್ ೮, ಶನಿವಾರ

ನಾದಿನಿ ಬಂದಿದ್ದಳು, ಎರಡು ಕೈಯಲ್ಲಿ ನಾಲ್ಕು ಖಾಲಿ ಕ್ಯಾನು. ಅವಳು ಇರುವುದು ಅದೇ ಹೊಸ ಬಡಾವಣೆಯಲ್ಲಿ. ನಾಲ್ಕು ದಿನಕ್ಕೊಮ್ಮೆ ಒಂದು ಗಂಟೆ ನಲ್ಲಿ ಬರುತ್ತದೆ, ಅದೂ ಕೆಮ್ಮಿಕೊಂಡು. ಬಸ್ಸಿನಲ್ಲಿ ನೀರು ಒಯ್ಯುವವಳನ್ನು ಕಂಡಕ್ಟರು ಕ್ಯಾನಿಗೂ ಟಿಕೆಟ್ ತಗೋ ಎಂದು ಗದರಿದನಂತೆ. "ಕ್ಯಾನು ನನ್ನ ಮಕ್ಕಳು, ಐದು ವರ್ಷದ ಒಳಗಿನವು ಅಂದೆ" ಎಂದಳು. ಇವಳ ಬಾಯಿಗೆ ಬೀಗ ಮಾಡುವವನು ಇನ್ನೂ ಹುಟ್ಟಿಲ್ಲ.

ಒಂಬತ್ತು ದಿನದ ಕತೆಯನ್ನು ಹೇಳಿದೆ. ಅವಳೊಬ್ಬಳಿಗೆ ನಿಜ ಗೊತ್ತು, ಆಗ ಮಧ್ಯಾಹ್ನ ಬಂದು ನನಗೆ ಗಂಜಿ ಕುಡಿಸಿ ಹೋಗುತ್ತಿದ್ದವಳು ಅವಳೇ.

"ಏನು ಭಾವ, ನನ್ನಕ್ಕ ಬರೆದ ಅಂಕಿಯಿಂದ ನನ್ನ ನಲ್ಲಿಗೆ ನೀರಿಲ್ಲ ಅಂತೀರಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ."

"ಅವಳು ನಿಜವಾಗಿ ಹೊಳೆಗೆ ಹೋಗಿದ್ದಳೇ?"

ನಾದಿನಿ ಕ್ಯಾನಿನ ಮುಚ್ಚಳ ತಿರುಗಿಸಿದಳು. "ಅಕ್ಕನಿಗೆ ನೀರು ಅಂದ್ರೆ ಹೇಗಿತ್ತು ಅಂತ ನಿಮಗೆ ನಾನು ಹೇಳ್ಬೇಕಾ? ಚಿಕ್ಕಂದಿನಲ್ಲಿ ಕಣ್ಣೆದುರೇ ಗೆಳತಿ ಮುಳುಗಿದ್ದು ನೋಡಿದವಳು. ಮದುವೆಯಾದ ಮೇಲೂ ಸೇತುವೆ ಮೇಲೆ ಕಣ್ಣು ಮುಚ್ಚಿಕೊಂಡೇ ನಡೀತಿದ್ಳು, ನನ್ನ ಸೆರಗು ಹಿಡ್ಕೊಂಡು. ಪಟ್ಟಿ ಓದೋದಾದ್ರೆ ದಡದಿಂದ ಓದ್ಬಹುದು. ಪಟ್ಟಿ ಮುಗಿದ ಮೇಲೆ ಅಳೀಬೇಕು ಅಂದ್ರೆ ಹೊಳೆ ಮಧ್ಯಕ್ಕೆ ಇಳೀಬೇಕು. ಇಳಿದಿರ್ತಾಳಾ ಅವಳು?"

"ಇಲ್ಲ ಅಂತೀಯಾ."

"ನನಗೆ ನೀರು ಬೇಕು ಭಾವ. ಅದಕ್ಕೇ ಇಲ್ಲ ಅಂತಿದೀನೋ, ನಿಜವಾಗ್ಲೂ ಇಲ್ವೋ ನನಗೂ ಗೊತ್ತಿಲ್ಲ. ಕ್ಯಾನ್ ತುಂಬ್ಸಿ."

ಮಾರ್ಚ್ ೯, ಭಾನುವಾರ

ಎಂಟಕ್ಕೆ ಸದ್ದು ಬಂತು. ಬಾಗಿಲು ತೆಗೆಯಲಿಲ್ಲ.

ಮಾರ್ಚ್ ೧೩, ಗುರುವಾರ

ನಿವೃತ್ತನಾಗಿ ಹದಿನಾಲ್ಕು ವರ್ಷದ ಮೇಲೆ ಮತ್ತೆ ಹೊಳೆಯ ಕಂಬದ ಹತ್ತಿರ ಹೋಗುವ ಚಟ ಹತ್ತಿದೆ. ಈಗ ಅಲ್ಲಿ ಯಂತ್ರ ಇದೆ. ಅದು ಗಂಟೆಗೊಮ್ಮೆ ತಾನೇ ಓದಿ ತಾನೇ ಕಳಿಸುತ್ತದೆ. ಜ್ವರ ಬರುವುದಿಲ್ಲ, ಹೆಂಡತಿ ಇಲ್ಲ. ಹಳೆಯ ಪಟ್ಟಿಯನ್ನು ಯಾರೂ ಕಿತ್ತಿಲ್ಲ. ಇವತ್ತು ನಲವತ್ತಾರು. ಆ ವರ್ಷ ಬಿಟ್ಟರೆ ನೀರು ನಲವತ್ತರ ಕೆಳಗೆ ಇಳಿದದ್ದೇ ಇಲ್ಲ. ಪಟ್ಟಿಯ ಕೆಳಗಿನ ಕಲ್ಲನ್ನು ಮೂವತ್ತೊಂದು ವರ್ಷದಿಂದ ಯಾರೂ ಕಂಡಿಲ್ಲ.

ಆ ಏಪ್ರಿಲ್ಲಿನಲ್ಲಿ ನನಗೆ ಟೈಫಾಯ್ಡ್. ಕಾಯಿಲೆ ಬಿದ್ದರೆ ಕಚೇರಿಗೆ ತಿಳಿಸಬೇಕು, ಬೇರೆಯವನು ಬರುತ್ತಾನೆ. ಬಂದವನು ಹೋಗುವುದಿಲ್ಲ, ಅದು ಎಲ್ಲರಿಗೂ ಗೊತ್ತಿದ್ದ ಮಾತು. ಬಡಬಡಿಸುತ್ತಿದ್ದೆನಂತೆ, ಎಂಟು ಗಂಟೆ, ಎಂಟು ಗಂಟೆ ಎಂದು. "ನಾನು ನೋಡ್ಕೊಳ್ತೀನಿ, ಮಲಗಿ" ಎಂದಳು ಹೆಂಡತಿ. ಎದ್ದು ಕೂರುವ ಹೊತ್ತಿಗೆ ಪುಸ್ತಕದಲ್ಲಿ ಒಂಬತ್ತು ಅಂಕಿಗಳಿದ್ದವು, ಪೆನ್ಸಿಲಿನಲ್ಲಿ, ನನ್ನ ಕೈಬರಹದ ಓರೆಯನ್ನೂ ಅನುಕರಿಸಿ. ಅವುಗಳ ಮೇಲೆ ಇಂಕು ತಿದ್ದಿ ಸಹಿ ಹಾಕಿದೆ.

ಮನೆಯಲ್ಲೇ ಕೂತು ದಿನಕ್ಕೊಂದು ಇಳಿಸಿ ಬರೆದಿದ್ದಾಳೆ, ಜಾಣೆ, ಎಂದುಕೊಂಡೆ. ಮನಸ್ಸಿನಲ್ಲೇ ಅವಳನ್ನು ಕ್ಷಮಿಸಿಯೂ ಬಿಟ್ಟೆ. ದೊಡ್ಡ ಮನುಷ್ಯ ನಾನು. ಐ ಬೆಗ್ ಟು ಸ್ಟೇಟ್.

ಇವತ್ತು ಕಂಬ ನೋಡುತ್ತಾ ನಿಂತಾಗ ಒಂದು ಮಾತು ನೆನಪಾಯಿತು. ಅದನ್ನು ಮರೆತಿರಲೇ ಇಲ್ಲ. ಅದರ ಮೇಲೆ ಕೂತಿದ್ದೆ ಅಷ್ಟೆ. ನಾನು ಕೆಲಸಕ್ಕೆ ಮರಳಿದ ವಾರ, ಅವಳು ಹೊಲಿಗೆ ಯಂತ್ರ ತುಳಿಯುತ್ತಾ ತಲೆಯೆತ್ತದೆ, "ಆ ಕಂಬದ ಬುಡ ಎಷ್ಟು ಜಾರುತ್ತೆ ಗೊತ್ತಾ" ಎಂದಳು. ಪಕ್ಕದಲ್ಲಿ ಬಟ್ಟೆ ಕೊಡಲು ಬಂದ ಯಾರೋ ಹೆಂಗಸಿದ್ದಳು. ಶ್, ಆ ಮಾತು ಮುಗೀತು ಎಂದೆ. ಅವಳ ಕಾಲು ಒಂದು ಕ್ಷಣ ನಿಂತು ಮತ್ತೆ ತುಳಿಯತೊಡಗಿತು. ಆಮೇಲೆ ಅವಳು ಇಪ್ಪತ್ತೊಂಬತ್ತು ವರ್ಷ ಬದುಕಿದ್ದಳು, ಒಮ್ಮೆಯೂ ಎತ್ತಲಿಲ್ಲ. ಎತ್ತಬಹುದಿತ್ತಲ್ಲ ನೀನು. ಊಟಕ್ಕೆ ಕೂತಾಗಲಾದರೂ.

ಮಾರ್ಚ್ ೧೭, ಸೋಮವಾರ

ಚೀಫ್ ಇಂಜಿನಿಯರ ಕಚೇರಿಯಿಂದ ಒಂದು ಹಾಳೆ ಬಂತು. ಎರಡೇ ಸಾಲು: ಮೇಲ್ಕಂಡ ಒಂಬತ್ತು ಅಳತೆಗಳನ್ನು ನಾನೇ ಖುದ್ದಾಗಿ ತೆಗೆದುಕೊಂಡಿದ್ದೇನೆ. ಕೆಳಗೆ ಸಹಿಗೆ ಜಾಗ. ತಂದವಳು ಡಾಕ್ಟರಮ್ಮನೇ.

ಪೆನ್ನು ತೆಗೆದೆ, ಮುಚ್ಚಳ ಹಾಕಿದೆ, ಮತ್ತೆ ತೆಗೆದೆ. ಆಮೇಲೆ ಟೈಫಾಯ್ಡಿನಿಂದ ಶುರು ಮಾಡಿ ಇಂಕು ತಿದ್ದಿದ್ದರವರೆಗೆ ಎಲ್ಲವನ್ನೂ ಹೇಳಿದೆ. ಹೇಳುವಾಗ ಗೋಡೆಯ ಪತ್ರಕ್ಕೆ ಬೆನ್ನು ಹಾಕಿ ಕೂತಿದ್ದೆ. ಅವಳು ಚಹಾ ಮುಟ್ಟಲಿಲ್ಲ.

"ನೀವು ಇದನ್ನ ಹೇಳದೇ ಇದ್ದಿದ್ರೆ ನನಗೆ ಸುಲಭವಾಗಿತ್ತು ಸಾರ್."

"ಸಹಿ ಹಾಕಿದರೆ?"

"ಒಂಬತ್ತೂ ಉಳಿಯುತ್ತೆ. ಹಾಕದಿದ್ರೆ ಹೊಡೆದುಹಾಕ್ತಾರೆ."

"ಅಂದರೆ ನಾನು ಸುಳ್ಳು ಹೇಳಿದರೆ ಊರಿಗೆ ನೀರು ಉಳಿಯುತ್ತೆ."

"ಹಾಗಂತ ನನ್ನ ಬಾಯಲ್ಲಿ ಹೇಳಿಸ್ಬೇಡಿ. ನಿಮ್ಮ ಹೆಂಡತಿ ಮನೇಲಿ ಕೂತು ಬರೆದಿದ್ರೆ, ಕೆಳಗಿನ ಬಡಾವಣೆಯವರು ಬಾಯಾರಿ ಸಾಯೋದು ಒಂದು ಪೆನ್ಸಿಲಿಗೋಸ್ಕರ ಆಗುತ್ತೆ. ಹೊಳೆಗಿಳಿದು ಬರೆದಿದ್ರೆ, ಅದಕ್ಕಿಂತ ಬೆಲೆ ಬಾಳೋ ಅಂಕಿ ನನ್ನ ಹತ್ರ ಇನ್ನೊಂದಿಲ್ಲ. ಯಾವುದು ಅಂತ ನಿಮಗೇ ಗೊತ್ತಿಲ್ವಲ್ಲ."

ನನಗೇ ಗೊತ್ತಿಲ್ಲ. ನಲವತ್ತೈದು ವರ್ಷ ಒಂದೇ ಸೂರಿನ ಕೆಳಗೆ ಇದ್ದೆ.

ಹಾಳೆಯನ್ನು ಬಿಟ್ಟು ಹೋಗಿದ್ದಾಳೆ.

ಮಾರ್ಚ್ ೧೮, ಮಂಗಳವಾರ

ಇವತ್ತು ಸದ್ದು ಬಾಗಿಲ ಮುಂದೆ ನಿಂತಾಗ ಒಳಗಿನಿಂದಲೇ, ಹೋಗಿದ್ದೆಯಾ, ಎಂದು ಕೇಳಿದೆ. ಕೇಳಿದ ಮೇಲೆ ನಾಚಿಕೆಯಾಯಿತು. ಉತ್ತರ ಬಂದಿದ್ದರೆ ಏನು ಮಾಡುತ್ತಿದ್ದೆನೋ.

ಮಾರ್ಚ್ ೨೧, ಶುಕ್ರವಾರ

ನಿನ್ನ ಯಂತ್ರದ ಖಾನೆ ತೆಗೆದೆ. ಬೈಯಬೇಡ, ಏನನ್ನೂ ಚೆಲ್ಲಾಡಿಲ್ಲ. ಬಾಬಿನ್ನುಗಳು, ಮುರಿದ ಸೂಜಿಗಳ ಒಂದು ಸೀಸೆ (ಮುರಿದದ್ದನ್ನು ಯಾಕೆ ಕೂಡಿಟ್ಟೆ?), ಹೊಲಿಗೆ ಬಿಚ್ಚುವ ಉಳಿಯಂಥದ್ದು, ಅದರ ಮೊನೆ ಮೊಂಡಾಗಿ ಮಡಚಿಕೊಂಡಿದೆ. ಎಲ್ಲಕ್ಕಿಂತ ಒಳಗೆ ನಿನ್ನ ಹಳೆಯ ಟೇಪು. ಹೊಸದು ಬಂದ ಮೇಲೂ ಅದನ್ನು ಎಸೆದಿರಲಿಲ್ಲ. ಬಿಚ್ಚಿ ನೋಡಿದೆ. ಶುರುವಿನಿಂದ ಹೆಚ್ಚುಕಡಿಮೆ ಇಪ್ಪತ್ತು ಸೆಂಟಿಮೀಟರಿನವರೆಗೆ ಕಂದು ಕಲೆ, ಆಮೇಲೆ ಸ್ವಚ್ಛ ಹಳದಿ.

ಚಹಾದ ಕಲೆ ಹಾಗಿರುವುದಿಲ್ಲ. ಆ ಕಂದು ನನಗೆ ಗೊತ್ತು, ಮೂವತ್ತನಾಲ್ಕು ವರ್ಷ ನನ್ನ ಪ್ಯಾಂಟಿನ ಅಂಚಿನಿಂದ ನೀನು ತಿಕ್ಕಿ ತಿಕ್ಕಿ ತೆಗೆಯಲಾಗದೆ ಬಿಟ್ಟದ್ದು ಅದನ್ನೇ. ಹೊಳೆಯ ಕಲೆ.

ಇದು ಪುರಾವೆಯೇ? ಡಾಕ್ಟರಮ್ಮ ಅಲ್ಲ ಅನ್ನುತ್ತಾಳೆ. ಟೇಪು ಎಂದೋ ಬಕೆಟ್ಟಿಗೆ ಬಿದ್ದಿರಬಹುದು ಅನ್ನುತ್ತಾಳೆ. ಆದರೆ ಟೇಪಿನಿಂದ ಅಳೆಯುವವರು ಮೊದಲು ಏನು ಮಾಡುತ್ತಾರೆ? ಬಟ್ಟೆಯ ಮೇಲೆ ಗುರುತು ಹಾಕುತ್ತಾರೆ. ನೀನು ಗುರುತು ಹಾಕದೆ ಅಳೆದವಳೇ ಅಲ್ಲ. ಗೋಡೆಗೆ ಮೊಳೆ ಹೊಡೆಯುವಾಗಲೂ ನನ್ನನ್ನು ತಡೆದು, ಮೊದಲು ಗೀಟು, ಆಮೇಲೆ ಅಳತೆ ಎನ್ನುತ್ತಿದ್ದೆ. ಬಟ್ಟೆ ಅಲುಗುತ್ತದೆ, ಗೀಟು ಅಲುಗುವುದಿಲ್ಲ. ನೀರೂ ಅಲುಗುತ್ತದೆ.

ಗುರುತಿದ್ದರೆ ಅದು ನಲವತ್ತರ ಕೆಳಗೆ, ನೀರಿನ ಒಳಗೆ. ಹೊಳೆ ಈಗ ನಲವತ್ತಮೂರು. ಅದು ತಾನಾಗಿ ಕಾಣಬೇಕಾದರೆ ನೀರು ಅಷ್ಟೂ ಇಳಿಯಬೇಕು. ಅಷ್ಟು ಇಳಿದ ಮೇಲೆ ಸಭೆಯೂ ಬೇಡ, ಡಾಕ್ಟರಮ್ಮನೂ ಬೇಡ, ಎಲ್ಲರಿಗೂ ತಾನಾಗಿ ಗೊತ್ತಾಗಿರುತ್ತದೆ.

ಮಾರ್ಚ್ ೨೩, ಭಾನುವಾರ

ಒದ್ದೆ ಪ್ಯಾಂಟಿನಲ್ಲೇ ಕೂತು ಬರೆಯುತ್ತಿದ್ದೇನೆ. ಆದರೂ ಕ್ರಮವಾಗಿಯೇ ಹೇಳುತ್ತೇನೆ, ಇಲ್ಲದಿದ್ದರೆ ನೀನು ನಡುವೆ ನಡುವೆ ಬಾಯಿ ಹಾಕುತ್ತೀಯ.

ಮಧ್ಯಾಹ್ನ ಎರಡಕ್ಕೆ ಹೊಳೆಗೆ ಹೋದೆವು. ನಾನು, ಡಾಕ್ಟರಮ್ಮ, ಕ್ಯಾನುಗಳ ಸಮೇತ ನಿನ್ನ ತಂಗಿ. ಅವಳು ನೀರಿಗೆಂದು ಮನೆಗೆ ಬಂದವಳು, ನಮ್ಮ ಹಿಂದೆಯೇ ಹೊರಟಳು. ಪ್ಯಾಂಟನ್ನು ತೊಡೆಯವರೆಗೆ ಮಡಚಿದೆ. ನನ್ನ ಕಾಲುಗಳನ್ನು ನೋಡಿ ಅವಳಿಗೆ ನಗು.

"ಭಾವ, ಮುಳುಗಿದ್ರೆ ಎತ್ತೋಕೆ ನನ್ನ ಕೈಲಾಗಲ್ಲ, ಈಗಲೇ ಹೇಳ್ತೀನಿ."

"ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು."

"ಇನ್ನೂ ಇಳಿದಿಲ್ಲ, ದಡದಲ್ಲೇ ಗಾದೆ ಹೇಳ್ತಿದೀರಿ."

ಇಳಿದೆ. ಡಾಕ್ಟರಮ್ಮ ಮೊಣಕೈ ಹಿಡಿದಿದ್ದಳು. ಕಂಬದ ಬುಡ ಜಾರಿತು. ಎಷ್ಟು ಜಾರುತ್ತದೆ ಗೊತ್ತಾ ಎಂದು ನೀನು ಕೇಳಿದ್ದೆ. ಗೊತ್ತಾಯಿತು. ನೀರು ನನಗೆ ತೊಡೆಯವರೆಗೆ. ಆ ವರ್ಷ ನಿನಗೆ ಮೊಣಕಾಲಿನವರೆಗಾದರೂ ಇದ್ದಿರಬೇಕು.

ಪಟ್ಟಿಯ ಕೆಳತುದಿಯಿಂದ ಬೆರಳು ಇಳಿಸಿದೆ. ಪಾಚಿ. ನಾಲ್ಕು ಬೆರಳಿನಷ್ಟೂ ಬರೀ ಪಾಚಿ. ಉಗುರಿನಿಂದ ಕೆರೆದೆ. ಒಂದು ಅಡ್ಡ ಗೀಟು ಸಿಕ್ಕಿತು. ಹೆಬ್ಬೆರಳಿನ ಉದ್ದ, ನೇರವಾಗಿ, ಅಂಚು ಹೊಲಿದಷ್ಟು ನೇರವಾಗಿ. ನಿನ್ನ ಹೊಲಿಗೆ ಬಿಚ್ಚುವ ಉಳಿ ಮೊಂಡಾದದ್ದು ಎಲ್ಲಿ ಎಂದು ಗೊತ್ತಾಯಿತು. ಅದರ ಕೆಳಗೆ ಇನ್ನೊಂದು. ಕಣ್ಣು ಮುಚ್ಚಿಕೊಂಡು ಎಣಿಸಿದೆ. ಸೇತುವೆಯ ಮೇಲೆ ನೀನು ನಡೆಯುತ್ತಿದ್ದ ಹಾಗೆ. ಏಳು, ಎಂಟು. ಒಂಬತ್ತನೆಯದಕ್ಕೆ ಗಲ್ಲ ನೀರಿಗೆ ತಾಗುವಷ್ಟು ಬಗ್ಗಬೇಕಾಯಿತು. ಒಂಬತ್ತು. ಹತ್ತನೆಯದು ಇಲ್ಲ, ಹತ್ತನೆಯ ದಿನ ನಾನೇ ಎದ್ದು ಬಂದಿದ್ದೆ, ಅಷ್ಟರಲ್ಲಿ ಮೇಲೆ ಎಲ್ಲೋ ಮಳೆಯಾಗಿ ನೀರು ಪಟ್ಟಿಗೆ ಏರಿತ್ತು.

ಡಾಕ್ಟರಮ್ಮ ಸ್ಟೀಲಿನ ಅಳತೆಕೋಲಿನಿಂದ ಅಳೆದಳು. ಅಳೆದು, ಚೀಟಿ ನೋಡಿ, ಮತ್ತೆ ಅಳೆದಳು. ಅವಳ ಮುಖ ಸಪ್ಪಗಾಯಿತು.

"ಹೊಂದ್ತಾ ಇಲ್ಲ ಸಾರ್. ಮೊದಲನೇದು ಪಟ್ಟಿಯ ತುದಿಯಿಂದ ಎಂಟು ಕೆಳಗೆ ಇರಬೇಕು, ಐದೂವರೆಗೇ ಇದೆ. ಕೊನೇದು ಹದಿನೆಂಟು ಇರಬೇಕು, ಹದಿನೈದೂವರೆ. ಎಲ್ಲದರಲ್ಲೂ ಹೀಗೇ. ಎರಡೂವರೆ, ಎರಡೂವರೆ, ಒಂದರಲ್ಲಿ ಎರಡು, ಮತ್ತೆ ಎರಡೂವರೆ."

ಚೀಫ್ ಇದನ್ನೇ ಹಿಡಿದುಕೊಳ್ಳುತ್ತಾನೆ, ಗೀಟು ಒಂದು ಹೇಳುತ್ತದೆ, ಪುಸ್ತಕ ಇನ್ನೊಂದು ಹೇಳುತ್ತದೆ ಎಂದು. ನಾನು ನೀರಿನಲ್ಲಿ ಹಾಗೇ ನಿಂತಿದ್ದೆ. ಕಾಲು ಮರಗಟ್ಟಿತ್ತು.

ಆಗ ನಿನ್ನ ತಂಗಿ ದಡದಿಂದ, "ಎರಡೂವರೆ ಅಂದ್ರೆ ಒಂದು ಇಂಚಲ್ವಾ?" ಎಂದಳು. "ಭಾವ, ಆ ಟೇಪು ಎಲ್ಲಿ?"

ನನ್ನ ಅಂಗಿಯ ಜೇಬಿನಲ್ಲಿತ್ತು. ಅವಳು ಸೀರೆಯ ಸಮೇತ ಮೊಣಕಾಲು ನೀರಿಗೆ ಇಳಿದು ಬಂದು ಅದನ್ನು ಕಸಿದುಕೊಂಡಳು. ತುದಿಯನ್ನು ಡಾಕ್ಟರಮ್ಮನ ಮೂಗಿಗೆ ಹಿಡಿದಳು. "ಇಲ್ಲಿ ನೋಡಿ. ಮೊದಲನೇ ಇಂಚೇ ಇಲ್ಲ. ಚಿಕ್ಕವಳಿದ್ದಾಗ ಗೊಂಬೆಗೆ ಸೊಂಟಪಟ್ಟಿ ಬೇಕು ಅಂತ ನಾನೇ ಕತ್ತರಿಸಿದ್ದು. ಅಕ್ಕ ಕೊಟ್ಟ ಏಟು ಇನ್ನೂ ಈ ಕೆನ್ನೇಲಿದೆ. ಇಂಚಿನ ಕಡೆ ಅವಳಿಗೆ ತೊಂ​ದರೆ ಇರಲಿಲ್ಲ, ಹೆಬ್ಬೆರಳು ತಾನಾಗೇ ಲೆಕ್ಕ ಕಳೀತಿತ್ತು. ಹೊಲಿಗೆ ಎಲ್ಲಾ ಇಂಚಲ್ಲೇ. ಸೆಂಟಿಮೀಟರ್ ಕಡೆ ಅವಳು ಯಾವತ್ತು ತಿರುಗಿಸಿದ್ಳು? ಈ ಹೊಳೆಗೆ ಬಂದಾಗಲೇ ಮೊದಲು. ತುದೀನ ಪಟ್ಟಿಗೆ ಇಟ್ಟಿದಾಳೆ, ಕಂಡದ್ದನ್ನ ನಲವತ್ತರಲ್ಲಿ ಕಳೆದು ಬರೆದಿದಾಳೆ."

ಟೇಪಿನ ಸೆಂಟಿಮೀಟರು ಕಡೆ ಎರಡೂವರೆಯಿಂದಲೇ ಶುರುವಾಗುತ್ತಿತ್ತು.

ಡಾಕ್ಟರಮ್ಮ ಟೇಪಿನ ತುದಿಯನ್ನು ತನ್ನ ಅಳತೆಕೋಲಿನ ಪಕ್ಕಕ್ಕೆ ಹಿಡಿದು ನೋಡಿದಳು. ಆಮೇಲೆ ಮೆಲ್ಲಗೆ, "ಮನೇಲಿ ಕೂತು ಕಟ್ಟಿದವರು ಒಂಬತ್ತು ಸಲ ಒಂದೇ ತಪ್ಪು ಮಾಡಲ್ಲ" ಎಂದಳು. "ಇದು ಅಳೆದವರು ಮಾತ್ರ ಮಾಡೋ ತಪ್ಪು."

ನಿನ್ನ ತಂಗಿ ನೀರಿನಲ್ಲೇ ನಿಂತಿದ್ದಳು. ಒಂಬತ್ತನೆಯ ಗೀಟನ್ನು ಮುಟ್ಟಿ ನೋಡುತ್ತೇನೆಂದಳು, ಮುಟ್ಟಿದಳು. "ಇಳಿದಿದ್ಳು" ಎಂದಳು. ಆಮೇಲೆ ತನ್ನ ಖಾಲಿ ಕ್ಯಾನುಗಳನ್ನು ನೋಡಿ, "ನನ್ನ ನಲ್ಲಿಗೆ ನಾನೇ ಕಲ್ಲು ಹಾಕ್ಕೊಂಡೆ" ಎಂದು ನಕ್ಕಳು. ನಗು ಮುಗಿಯುವ ಮೊದಲೇ ಕಣ್ಣು ಒರೆಸಿಕೊಂಡಳು.

ಒಂಬತ್ತು ಬೆಳಿಗ್ಗೆ. ನೀನು.

ಮಾರ್ಚ್ ೨೫, ಮಂಗಳವಾರ

ಬೆಳಿಗ್ಗೆ ಏಳಕ್ಕೇ ಮನೆ ಬಿಟ್ಟೆ, ಸಭೆಯ ಕೋಣೆ ಊರಿನ ಆ ತುದಿ. ಉದ್ದ ಮೇಜು, ಮೇಜಿನ ಮೇಲೆ ಪ್ರತಿಯೊಬ್ಬರಿಗೂ ಒಂದು ನೀರಿನ ಬಾಟಲಿ. ಯಾರೂ ಕುಡಿಯಲಿಲ್ಲ; ಅದನ್ನು ನೋಡಿ ನಿನ್ನ ತಂಗಿಯ ನೆನಪಾಯಿತು.

ಚೀಫ್ ಕೆಟ್ಟವನಲ್ಲ. ಅವನ ಮಾತಿನಲ್ಲೂ ಹುರುಳಿತ್ತು. "ಕೆಳಗಿನವರು ಇವತ್ತು ಬಾಯಾರಿದ್ದಾರೆ. ನೀವು ಹೇಳೋ ಕೆಟ್ಟ ವರ್ಷ ಬಂದ್ರೂ ಬರಬಹುದು, ಬಾರದೆಯೂ ಇರಬಹುದು. ಹೆಂಗಸೊಬ್ಬಳು ಬಟ್ಟೆಯ ಟೇಪಿನಲ್ಲಿ ಹೊಳೆ ಅಳೆದದ್ದನ್ನ ನಂಬಿ ಊರು ನಡೆಸೋಕಾಗುತ್ತಾ?"

ನನ್ನನ್ನು ಕರೆದರು. ಎದ್ದು ನಿಂತೆ. ಬರೆದುಕೊಂಡು ಹೋಗಿದ್ದೆ, ಇಂಗ್ಲಿಷಿನಲ್ಲಿ, ನಾಟ್‌ವಿತ್‌ಸ್ಟ್ಯಾಂಡಿಂಗ್ ಎರಡು ಕಡೆ ಇತ್ತು. ಹಾಳೆ ಜೇಬಿನಲ್ಲೇ ಉಳಿಯಿತು.

"ಮೂವತ್ತನಾಲ್ಕು ವರ್ಷದಲ್ಲಿ ಒಂಬತ್ತು ದಿನ ನಾನು ಹೊಳೆಗೆ ಹೋಗಿಲ್ಲ" ಎಂದೆ. "ನನಗೆ ಕೊಟ್ಟ ಪ್ರಶಸ್ತಿ ಸುಳ್ಳು. ಹೊಳೆಗೆ ಹೋದವಳು ನನ್ನ ಹೆಂಡತಿ. ಅವಳಿಗೆ ನೀರು ಅಂದರೆ ಜೀವ ಹೋಗುತ್ತಿತ್ತು. ನಾನಾಗಿದ್ದರೆ ಪಟ್ಟಿ ಮುಗಿದ ಮೇಲೆ ದಡದಿಂದಲೇ ಒಂದು ಅಂದಾಜು ಬರೆದು ಬರುತ್ತಿದ್ದೆ. ಖಂಡಿತ ಬರೆಯುತ್ತಿದ್ದೆ. ಅವಳಿಗೆ ಅಂದಾಜು ಮಾಡೋದು ಗೊತ್ತಿರಲಿಲ್ಲ."

ಕೂತೆ. ಆಮೇಲೆ ಡಾಕ್ಟರಮ್ಮ ತನ್ನ ಹೊಸ್ತಿಲು, ಬಾವಿ, ಸರಾಸರಿ ಎಲ್ಲವನ್ನೂ ಹೇಳಿದಳು. ಎರಡೂವರೆ ತಿದ್ದಿದ ಮೇಲೂ ಆ ಗುಂಡಿ ಸಾಲಿನಲ್ಲಿ ಎಲ್ಲಕ್ಕಿಂತ ಚಿಕ್ಕದೇ. ಕೆಳಬಾಗಿಲು ನಲವತ್ತು ದಿನವಲ್ಲ, ಹದಿನೆಂಟು ದಿನ, ದಿನ ಬಿಟ್ಟು ದಿನ. ಹೊಳೆ ನಲವತ್ತಕ್ಕೆ ಇಳಿದ ದಿನ ಮುಚ್ಚುವುದು ಎಂದು ಬರೆದುಕೊಂಡರು. ನಿನ್ನ ತಂಗಿಗೆ ನಾಲ್ಕು ದಿನಕ್ಕೊಮ್ಮೆ ಬರುವ ನೀರು ಮೂರು ದಿನಕ್ಕೊಮ್ಮೆ ಬರಬಹುದು. ಫೋನ್ ಮಾಡಿ ಹೇಳಿದೆ. "ಅಕ್ಕ ಒಂದು ದಿನ ಉಳಿಸಿಕೊಟ್ಳು ಬಿಡಿ, ಇದ್ದಾಗಲೂ ಅಷ್ಟೇ, ಕೊಟ್ರೆ ಅಳೆದು ಕೊಡ್ತಿದ್ಳು" ಎಂದಳು.

ಹೊರಡುವಾಗ ಡಾಕ್ಟರಮ್ಮ ಪುಸ್ತಕ ತೋರಿಸಿದಳು. ಆ ಒಂಬತ್ತು ಸಾಲಿನಲ್ಲಿ ಅಳೆದವರು ಎಂಬ ಕಡೆ ನನ್ನ ಸಹಿಯ ಮೇಲೆ ತೆಳ್ಳಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಬರೆದಿದ್ದಾಳೆ: ದರ್ಜಿ. ತಿದ್ದುಪಡಿ ಎರಡೂವರೆ. ನಂಬಬಹುದು.

ಮನೆಗೆ ಬಂದಾಗ ಇಸ್ತ್ರಿ ಅಂಗಡಿಯವನು ತಡೆದ. "ಸಾರ್, ದಿನಾ ಒದ್ದೆ ಕಾಲಲ್ಲಿ ಮೆಟ್ಟಿಲು ಹತ್ತಬೇಡಿ, ಗಿರಾಕಿಗಳು ಜಾರ್ತಾರೆ. ಇವತ್ತೂ ಎಂಟಕ್ಕೆ ಹತ್ತಿದ್ದು ಕೇಳಿಸ್ತಲ್ಲ, ಕೂಗಿದ್ರೂ ಓಗೊಡಲಿಲ್ಲ."

ಎಂಟಕ್ಕೆ ನಾನು ಬಸ್ಸಿನಲ್ಲಿದ್ದೆ. ಹೇಳಲಿಲ್ಲ. ಪೈಪಿನ ಮಾತೂ ಎತ್ತಲಿಲ್ಲ. ಹತ್ತಿ ಬಂದೆ, ಮೂರನೆಯ ಮೆಟ್ಟಿಲಿನ ತೇವವನ್ನು ದಾಟದೆ, ಅದರ ಮೇಲೆಯೇ ಕಾಲಿಟ್ಟು.

ಅಷ್ಟು ದಿನ ನೀನು ಬಂದು ನಿಂತೆ, ನಾನು ಬೀಗ ಹಾಕಿಕೊಂಡು ಕೂತಿದ್ದೆ. ಇನ್ನು ಹಾಗಾಗುವುದಿಲ್ಲ. ಗೋಡೆಯ ಪತ್ರವನ್ನು ಇಳಿಸಿ ಯಂತ್ರದ ಖಾನೆಯಲ್ಲಿಟ್ಟಿದ್ದೇನೆ, ಟೇಪು ಅದರ ಮೇಲಿದೆ. ಮೊಳೆ ಖಾಲಿ ಇದೆ, ಅದಕ್ಕೆ ಏನು ಹಾಕಬೇಕೆಂದು ನೀನೇ ಹೇಳು. ಆ ಚಿಕ್ಕ ಗುಂಡಿಯ ಬಗ್ಗೆಯೂ ಹೇಳು. ಕಂಬದ ಬುಡ ಎಷ್ಟು ಜಾರುತ್ತಿತ್ತು, ಮೊದಲನೆಯ ದಿನ ಎಷ್ಟು ಹೊತ್ತು ದಡದಲ್ಲಿ ನಿಂತಿದ್ದೆ, ಯಾರಾದರೂ ನೋಡಿದರೇ, ನೀರು ತಣ್ಣಗಿತ್ತೇ, ಎಲ್ಲವನ್ನೂ ಮೊದಲಿನಿಂದ ಹೇಳು, ಶ್ ಅನ್ನುವುದಿಲ್ಲ. ಬಾಗಿಲು ತೆಗೆದೇ ಇದೆ. ಈ ಸಾಲು ಎಲ್ಲಿಗೆ ಹೋಗುತ್ತಿದೆಯೋ ಕಾಣುತ್ತಿಲ್ಲ, ಕಿಟಕಿಯ ಬೆಳಕು ಹೋಗುತ್ತಾ ಇದೆ